ಕಾಗದ, ಗಂಜಿ, ಕಪ್ಪ

ಕಂಪನಿಯವರು ವರ್ಷಕ್ಕೊಂದು ಸಲ ಪುಕ್ಕಟೆ ಮಾಡಿಸುವ ಹೆಲ್ತ್ ಚೆಕಪ್ಪಿನ ರಿಪೋರ್ಟನ್ನು ನೀವೂ ನನ್ನ ಹಾಗೇ ಓದುತ್ತೀರೇನೋ. ದಪ್ಪ ಅಕ್ಷರದಲ್ಲಿ ಅಚ್ಚಾದ ನಂಬರು ಎಲ್ಲಿದೆ ಅಂತ ಹುಡುಕೋದು, ಒಂದೋ ಎರಡೋ ಸಿಕ್ಕರೆ ಗೂಗಲ್ ಮಾಡೋದು, ಸಿಗದಿದ್ದರೆ ಮಧ್ಯಾಹ್ನಕ್ಕೆ ಬಿರಿಯಾನಿ. ಅದರ ಕೊಲೆಸ್ಟರಾಲ್ ಪುಟದಲ್ಲಿ ವಿಎಲ್‌ಡಿಎಲ್ ಅಂತ ಒಂದು ಸಾಲಿರುತ್ತೆ. ನಮ್ಮ ಟೀಮಿನಲ್ಲಿ ಕೇಳಿದೆ, ಒಬ್ಬರಿಗೂ ಅದೇನು ಅಂತ ಗೊತ್ತಿಲ್ಲ. ‘ಕೆಟ್ಟ ಕೊಲೆಸ್ಟರಾಲಿನ ತಮ್ಮ ಇರಬೇಕು ಬಿಡು’ ಅಂದ ಒಬ್ಬ. ತೀರಾ ತಪ್ಪೇನಲ್ಲ. ಅದಕ್ಕೆ ಇನ್ನೊಂದು ಹೆಸರಿದೆ, ಪ್ರಿ-ಬೀಟಾ ಅಂತ. ಒಂದು ಕಾಗದದ ಪಟ್ಟಿಯ ಮೇಲೆ ಬೀಟಾ ಅನ್ನೋ ಗೆರೆಗಿಂತ ಚೂರು ಮುಂದೆ ಹೋಗಿ ನಿಂತಿತು ಅನ್ನೋದಕ್ಕೆ ಬಂದ ಹೆಸರು ಅದು.

ನಾನು ಬಯಾಲಜಿ ಓದಿದವನಲ್ಲ. ಪಿಯುಸಿಯಲ್ಲಿ ಕಪ್ಪೆ ಕೊಯ್ಯೋ ತಾಪತ್ರಯವೇ ಬೇಡ ಅಂತ ಎಲೆಕ್ಟ್ರಾನಿಕ್ಸ್ ತಗೊಂಡು, ಆಮೇಲೆ ಬಿಇ ಮಾಡಿ, ಈಗ ಹತ್ತು ಹನ್ನೆರಡು ವರ್ಷದಿಂದ ಬೇರೆಯವರ ಕೋಡಿನಲ್ಲಿ ಬಗ್ ಹುಡುಕಿ ಸಂಬಳ ತಗೊಳ್ತಿದ್ದೇನೆ. ರಕ್ತದ ಪ್ರೋಟೀನುಗಳ ಕಡೆ ನನ್ನನ್ನು ಎಳೆದದ್ದು ಅಪ್ಪನ ಒಂದು ರಿಪೋರ್ಟು. ಅದಕ್ಕೆ ಬರ್ತೀನಿ. ಆದರೆ ಮೊದಲು ಈ ಕಾಗದದ ವಿಷಯ ಹೇಳದಿದ್ದರೆ ಅಪ್ಪನ ರಿಪೋರ್ಟು ನನಗೆ ಅರ್ಥವಾದ ಹಾಗೆ ನಿಮಗೆ ಅರ್ಥವಾಗೋಲ್ಲ.

ರಕ್ತವನ್ನು ಗಾಜಿನ ಕೊಳವೆಯಲ್ಲಿ ಹೆಪ್ಪುಗಟ್ಟೋಕೆ ಬಿಟ್ಟರೆ ಮೇಲೆ ತಿಳಿಹಳದಿ ನೀರು ನಿಲ್ಲುತ್ತೆ. ಅದೇ ಸೀರಮ್. ಅದರ 100 ಮಿಲಿಲೀಟರಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನು. ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್, ಉಳಿದದ್ದು ಗ್ಲಾಬ್ಯುಲಿನ್ ಅನ್ನೋ ದೊಡ್ಡ ಸಂಸಾರ. ಕಣ್ಣಿಗೆ ಎಲ್ಲ ಒಂದೇ ನೀರು. ಆದರೆ ಸ್ವಲ್ಪ ಕ್ಷಾರದ ಕಡೆಗಿರುವ, ಪಿಎಚ್ 8.6ರ ಬಫರ್ ದ್ರಾವಣದಲ್ಲಿ ಈ ಪ್ರೋಟೀನುಗಳು ಋಣ ವಿದ್ಯುದಂಶ ಹೊತ್ತುಕೊಳ್ಳುತ್ತವೆ, ಒಂದೊಂದೂ ಒಂದೊಂದು ಅಳತೆಯಲ್ಲಿ. ಕರೆಂಟು ಕೊಟ್ಟರೆ ಪಾಸಿಟಿವ್ ತುದಿಯ ಕಡೆ ಹೊರಡುತ್ತವೆ. ಸಂಜೆ ದನ ಮನೆ ಕಡೆ ಹೊರಟ ಹಾಗೆ ಅಂದುಕೊಳ್ಳಿ. ಕೊಟ್ಟಿಗೆಯಲ್ಲಿ ಎಳೆಗರು ಬಿಟ್ಟು ಬಂದ ಹಸು ಎಲ್ಲರಿಗಿಂತ ಮುಂದೆ, ಮುದಿ ಎಮ್ಮೆ ಕೊನೆಗೆ. ಆಲ್ಬುಮಿನ್ ಮುಂದೆ ಓಡುತ್ತೆ. ಅದರ ಹಿಂದೆ ಆಲ್ಫಾ-1, ಆಲ್ಫಾ-2, ಬೀಟಾ. ಕೊನೆಗೆ ಗ್ಯಾಮಾ. ನಮ್ಮ ಮೈಯ ರೋಗನಿರೋಧಕ ಆಂಟಿಬಾಡಿಗಳು ಬಹುಪಾಲು ಈ ಗ್ಯಾಮಾದಲ್ಲಿವೆ.

ಹೀಗೆ ಓಡಿಸಿ ತೋರಿಸಿದವರು ಸ್ವೀಡನ್ನಿನ ಉಪ್ಸಾಲಾದ ಆರ್ನೆ ಟಿಸೇಲಿಯಸ್, 1937ರಲ್ಲಿ. ಅದಕ್ಕೆ 1948ರ ರಸಾಯನಶಾಸ್ತ್ರದ ನೊಬೆಲ್ ಕೂಡ ಬಂತು. ಆದರೆ ಅವರ ವಿಧಾನದಲ್ಲಿ ಪ್ರೋಟೀನುಗಳು ದ್ರಾವಣದಲ್ಲೇ ಓಡಬೇಕು, ಅವುಗಳ ಗಡಿಯನ್ನು ಬೆಳಕಿನ ಬಾಗುವಿಕೆಯಿಂದ ಪತ್ತೆ ಮಾಡಬೇಕು. ಆಗಿನ ಯಂತ್ರ 20 ಅಡಿಯಷ್ಟು ಉದ್ದ. ಜಿಲ್ಲಾ ಆಸ್ಪತ್ರೆಗೆಲ್ಲ ಎಲ್ಲಿಂದ ತರೋದು?

1950ರ ಹೊತ್ತಿಗೆ ಹಲವು ದೇಶಗಳಲ್ಲಿ ಹಲವರು ಒಟ್ಟೊಟ್ಟಿಗೇ ಅನ್ನೋ ಹಾಗೆ ಒಂದು ಅಗ್ಗದ ದಾರಿ ಹಿಡಿದರು. ದ್ರಾವಣ ಬೇಡ, ಒದ್ದೆ ಫಿಲ್ಟರ್ ಪೇಪರ್ ಸಾಕು. ಒಂದು ಪಟ್ಟಿಯನ್ನು ಬಫರಿನಲ್ಲಿ ನೆನೆಸಿ, ಎರಡು ತುದಿಗಳನ್ನು ಎರಡು ತೊಟ್ಟಿಯಲ್ಲಿ ಇಳಿಬಿಟ್ಟು, ಮೇಲೆ ಒಂದು ಹನಿಯ ಐದನೇ ಒಂದು ಪಾಲಿನಷ್ಟು ಸೀರಮ್ಮನ್ನು ಗೆರೆ ಎಳೆದ ಹಾಗೆ ಹಚ್ಚಿ, ನೂರಿನ್ನೂರು ವೋಲ್ಟ್ ಕೊಟ್ಟು ರಾತ್ರಿ ಮನೆಗೆ ಹೋಗೋದು. ಬೆಳಿಗ್ಗೆ ಬಂದು ಪಟ್ಟಿಯನ್ನು ಒಣಗಿಸಿ, ಬಿಸಿಗೆ ಪ್ರೋಟೀನನ್ನು ಕಾಗದಕ್ಕೆ ಕಚ್ಚಿಸಿ, ಬ್ರೋಮೋಫಿನಾಲ್ ಬ್ಲೂ ಬಣ್ಣಕ್ಕೆ ಅದ್ದಿ, ಹೆಚ್ಚಿನ ಬಣ್ಣ ತೊಳೆದರೆ ಐದು ಪಟ್ಟೆ ಕಾಣಬೇಕು.

ಕಾಣಬೇಕು, ಸರಿ. ಕಾಣುತ್ತಿದ್ದದ್ದು ಏನು ಅನ್ನೋದರಲ್ಲೇ ಮಜಾ ಇರೋದು.

ಕಾಗದ ಅಂದರೆ ಹತ್ತಿಯ ನಾರು. ಪ್ರೋಟೀನು ಅದಕ್ಕೆ ಅಂಟುತ್ತೆ. ಆಲ್ಬುಮಿನ್ ಮುಂದೆ ಓಡುವಾಗ ದಾರಿಯುದ್ದಕ್ಕೂ ಅಷ್ಟಷ್ಟು ಬಿಟ್ಟುಕೊಂಡು ಹೋಗುತ್ತೆ, ತೂತು ಬಿದ್ದ ಮೂಟೆಯಿಂದ ರಾಗಿ ಸುರಿದ ಹಾಗೆ. ಅದರ ಬಾಲ ಹಿಂದಿನ ಆಲ್ಫಾ, ಬೀಟಾಗಳ ಮೇಲೆಲ್ಲ ಬಳಿದುಕೊಂಡು, ಆಲ್ಬುಮಿನ್ ಇರೋದಕ್ಕಿಂತ ಕಡಿಮೆ, ಅವು ಇರೋದಕ್ಕಿಂತ ಜಾಸ್ತಿ ಅಂತ ಲೆಕ್ಕ ಬರುತ್ತೆ. ಎರಡನೆಯದು ಬಿಸಿ. ಕರೆಂಟು ಹರಿದರೆ ಪಟ್ಟಿ ಬಿಸಿಯಾಗುತ್ತೆ, ನೀರು ಆರುತ್ತೆ, ಆರಿದ ಜಾಗಕ್ಕೆ ಎರಡೂ ತೊಟ್ಟಿಯಿಂದ ಬಫರ್ ಏರಿ ಬರುತ್ತೆ, ಆ ಹರಿವು ಪ್ರೋಟೀನುಗಳನ್ನು ಮಧ್ಯಕ್ಕೆ ತಳ್ಳುತ್ತೆ. ಎರಡು ತೊಟ್ಟಿಯ ಮಟ್ಟ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಕಾಗದವೇ ಸೈಫನ್ನಾಗಿ ನೀರನ್ನು ಆ ಕಡೆಯಿಂದ ಈ ಕಡೆಗೆ ಎಳೆಯುತ್ತೆ. ಇದೆಲ್ಲದರ ಮೇಲೆ ಇನ್ನೊಂದು: ಕಾಗದಕ್ಕೂ ಋಣ ವಿದ್ಯುದಂಶ ಇರುವುದರಿಂದ ಅದರೊಳಗಿನ ನೀರೇ ನೆಗೆಟಿವ್ ತುದಿಯ ಕಡೆಗೆ ಹರಿಯೋಕೆ ಶುರುವಾಗುತ್ತೆ. ಎಲ್ಲರೂ ಪಾಸಿಟಿವ್ ಕಡೆ ಹೊರಟರೆ ಪಾಪ ಗ್ಯಾಮಾ, ಹೊಳೆಗೆ ಎದುರಾಗಿ ಈಜಲಾರದ ಮುದಿ ಎಮ್ಮೆ, ಹೊರಟ ಜಾಗಕ್ಕಿಂತ ಹಿಂದೆ ಹೋಗಿ ನಿಲ್ಲುತ್ತೆ.

ಈ ಪಟ್ಟಿ ಓದಿದಾಗ ನನಗೆ ನಮ್ಮ ಆಫೀಸೇ ನೆನಪಾಯ್ತು. ಡೆಮೊ ದಿನ ಚೆನ್ನಾಗೇ ನಡೆದ ಸಾಫ್ಟ್‌ವೇರು ಗಿರಾಕಿಯ ಮನೆಯಲ್ಲಿ ಹೀಗೇ ಅಲ್ಲವೇ ನಡೆದುಕೊಳ್ಳೋದು.

ಆ ದಶಕದ ಲ್ಯಾಬಿನವರು ಮಾಡಿದ ರಿಪೇರಿಗಳು ಒಂದಕ್ಕಿಂತ ಒಂದು ಚೆಂದ. ಕೆಲವರು ಪಟ್ಟಿಯನ್ನು ನೀರು ಹತ್ತದ ಹಾಗೆ ಸಿಲಿಕೋನ್ ಬಳಿದ ಎರಡು ಗಾಜಿನ ಹಲಗೆಗಳ ನಡುವೆ ಒತ್ತಿಟ್ಟರು. ಕೆಲವರು ಇಡೀ ಪಟ್ಟಿಯನ್ನು ಕ್ಲೋರೋಬೆಂಜೀನಿನಲ್ಲಿ ಮುಳುಗಿಸಿದರು, ಬಿಸಿಯನ್ನು ಅದು ಹೀರಲಿ, ನೀರು ಆರದಿರಲಿ ಅಂತ. ಅಮೆರಿಕದ ಡರಮ್ ಅನ್ನುವವರು 1950ರಲ್ಲಿ ಪಟ್ಟಿಯನ್ನು ತಂತಿಯ ಮೇಲೆ ಪಂಚೆ ಹರವಿದ ಹಾಗೆ ಮಧ್ಯಕ್ಕೆ ನೇತುಹಾಕಿ, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಓಡಿಸಿದರು. ಓಡಿದ ಮೇಲೆ ಅಳೆಯೋದಕ್ಕೆ ಪಟ್ಟಿಯನ್ನು ತುಂಡುತುಂಡು ಕತ್ತರಿಸಿ, ಒಂದೊಂದು ತುಂಡಿನ ಬಣ್ಣವನ್ನೂ ಬಿಡಿಸಿ ಅಳೆಯುತ್ತಿದ್ದರು. ಆಮೇಲೆ ಪಟ್ಟಿಯ ಮೇಲೆ ಬೆಳಕು ಹಾಯಿಸಿ, ಕಡುಬಣ್ಣ ಇದ್ದಲ್ಲಿ ಪೆನ್ನು ಮೇಲೇರಿ ಗ್ರಾಫು ಬಿಡಿಸುವ ಯಂತ್ರ ಬಂತು. ಗುಡ್ಡದ ಸಾಲಿನ ಹಾಗೆ ಕಾಣೋ ಆ ಗ್ರಾಫು ಹುಟ್ಟಿದ್ದು ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲೀಸ್ ಮತ್ತು ಹ್ಯಾಚ್ ಎಂಬಿಬ್ಬರು 1963ರಲ್ಲಿ ಮಾಡಿದ ಉಪಾಯ. ಕೊಬ್ಬು ಹೊತ್ತು ತಿರುಗುವ ಪ್ರೋಟೀನುಗಳನ್ನು, ಅಂದರೆ ಲೈಪೋಪ್ರೋಟೀನುಗಳನ್ನು, ಕಾಗದದ ಮೇಲೆ ಓಡಿಸೋಕೆ ಹೋದರೆ ಅವು ಕಾಗದಕ್ಕೆ ಅಂಟಿಕೊಂಡು ಬರೀ ರಾಡಿ. ಇವರು ಬಫರಿಗೇ ಒಂದಿಷ್ಟು ಆಲ್ಬುಮಿನ್ ಕಲಸಿಬಿಟ್ಟರು. ಅಂಟೋ ಜಾಗಗಳನ್ನೆಲ್ಲ ಆಲ್ಬುಮಿನ್ ಮೊದಲೇ ಬಂದು ಹಿಡಿದು ಕೂತಿತು. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದು ಗೊತ್ತಲ್ಲ, ಅದೇ. ಕೂರೋಕೆ ಜಾಗವಿಲ್ಲದ ಲೈಪೋಪ್ರೋಟೀನುಗಳು ಸುಮ್ಮನೆ ಮುಂದೆ ಹೋದವು. ರಾಡಿಯಾಗಿದ್ದ ಕಡೆ ಬೀಟಾ ಬೇರೆ, ಪ್ರಿ-ಬೀಟಾ ಬೇರೆ ಅಂತ ಗೆರೆಗಳು ಮೂಡಿದವು. ಈ ಗೆರೆಗಳನ್ನು ಇಟ್ಟುಕೊಂಡೇ 1967ರಲ್ಲಿ ಫ್ರೆಡ್ರಿಕ್‌ಸನ್, ಲೆವಿ, ಲೀಸ್ ಮೂವರೂ ರಕ್ತದ ಕೊಬ್ಬಿನ ಕಾಯಿಲೆಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದು. ಈಗಿನ ಲ್ಯಾಬುಗಳಲ್ಲಿ ಆ ಕಾಗದ ಇಲ್ಲ. ಹೆಚ್ಚಿನ ಕಡೆ ವಿಎಲ್‌ಡಿಎಲ್ಲನ್ನು ಅಳೆಯೋದೂ ಇಲ್ಲ, ಟ್ರೈಗ್ಲಿಸರೈಡ್ ನಂಬರನ್ನು ಐದರಿಂದ ಭಾಗಿಸಿ ಬರೆದುಬಿಡುತ್ತಾರೆ. ನಿಮ್ಮ ರಿಪೋರ್ಟು ತೆಗೆದು ಲೆಕ್ಕ ಹಾಕಿ ನೋಡಿ, ಮಜಾ ಇರುತ್ತೆ.

ಕಾಗದದಿಂದ ಬೇಸತ್ತು ಬೇರೆ ದಾರಿ ಹಿಡಿದವನ ಕತೆಯೂ ಇದೆ. ಇಂಗ್ಲೆಂಡಿನ ಆಲಿವರ್ ಸ್ಮಿಥೀಸ್, 1950ರ ದಶಕದ ಮೊದಲಲ್ಲಿ ಕೆನಡಾದ ಟೊರೊಂಟೊದಲ್ಲಿ ಒಂದು ಲ್ಯಾಬು ಸೇರಿದ. ಇನ್ಸುಲಿನ್ನಿಗೆ ಸಂಬಂಧಪಟ್ಟದ್ದು ಏನು ಬೇಕಾದರೂ ಮಾಡು ಅಂತ ಅಲ್ಲಿ ಹೇಳಿದ್ದರು. ಅವನು ಇನ್ಸುಲಿನ್ನಿನ ಪೂರ್ವರೂಪ ಹುಡುಕೋಕೆ ಹೊರಟ. ಆದರೆ ಇನ್ಸುಲಿನ್ ಫಿಲ್ಟರ್ ಪೇಪರಿಗೆ ಅಂಟಿಕೊಂಡು ಎಳೆದುಕೊಂಡು ಹೋಗುತ್ತಿತ್ತು. ಕಾಗದದ ಬದಲು ಸ್ಟಾರ್ಚ್ ಪುಡಿಯ ಒದ್ದೆ ಹಾಸಿನಲ್ಲಿ ಓಡಿಸಿದರೆ ಅಂಟೋಲ್ಲ ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಪೀಕಲಾಟ ಅಂದರೆ ಆ ಹಾಸನ್ನು ನಲವತ್ತು ಹೋಳು ಮಾಡಿ, ಪ್ರತಿ ಹೋಳಿನಲ್ಲೂ ಪ್ರೋಟೀನು ಎಷ್ಟಿದೆ ಅಂತ ಅಳೆಯಬೇಕು. ಅವನಿಗೆ ಒಬ್ಬ ಸಹಾಯಕನೂ ಇರಲಿಲ್ಲ. ಆಗ ಅವನಿಗೆ ಹುಡುಗನಾಗಿದ್ದಾಗ ತಾಯಿ ಬಟ್ಟೆಗೆ ಗಂಜಿ ಹಾಕುತ್ತಿದ್ದದ್ದು ನೆನಪಾಯಿತಂತೆ. ಬಿಸಿ ಇದ್ದಾಗ ನೀರಾಗಿದ್ದ ಗಂಜಿ, ಆರಿದ ಮೇಲೆ ಗಟ್ಟಿಯಾಗಿ ಜೆಲ್ಲಿಯ ಹಾಗೆ ಕೂರುತ್ತಿತ್ತು. ಪುಡಿಯ ಬದಲು ಆ ಜೆಲ್ಲಿಯಲ್ಲೇ ಓಡಿಸಿದರೆ? ಹೋಳು ಮಾಡೋದೇ ಬೇಡ, ಇಡಿಯಾಗಿ ಬಣ್ಣ ಹಾಕಿ ನೋಡಬಹುದು.

ಇದನ್ನು ಓದಿದ ರಾತ್ರಿ ಅವ್ವನಿಗೆ ಫೋನು ಮಾಡಿ ಹೇಳಿದೆ. ನಮ್ಮನೆಯಲ್ಲಿ ರಾಗಿ ಮುದ್ದೆಯೇ ಹೆಚ್ಚು, ಅನ್ನ ಬಸಿಯೋ ದಿನ ಬಂದರೆ ಆ ಗಂಜಿಯಲ್ಲಿ ಅಪ್ಪನ ಬಿಳಿ ಪಂಚೆ ಅದ್ದದೆ ಅವ್ವ ಬಿಡುತ್ತಿರಲಿಲ್ಲ. ‘ಗಂಜಿಲಿ ರಕ್ತ ಹಾಕಿ ನೋಡದ್ನಾ? ಅದ್ಯಾವ ಬುದ್ದಿನಪ್ಪಾ’ ಅಂದಳು.

ಆ ಬುದ್ಧಿಗೆ ಸಿಕ್ಕಿದ್ದು ದೊಡ್ಡ ಬೆಲೆ. ಸ್ಮಿಥೀಸ್ ತನ್ನ ಮತ್ತು ಗೆಳೆಯರ ರಕ್ತವನ್ನೇ ಆಲೂಗಡ್ಡೆ ಸ್ಟಾರ್ಚಿನ ಜೆಲ್ಲಿನಲ್ಲಿ ಓಡಿಸಿದಾಗ ಕಾಗದದಲ್ಲಿ ಐದು ಕಂಡಿದ್ದ ಕಡೆ ಹನ್ನೊಂದು ಪಟ್ಟೆ ಕಂಡವು. ಯಾಕೆಂದರೆ ಜೆಲ್ಲು ಬರೀ ರಸ್ತೆಯಲ್ಲ, ಜರಡಿ. ವಿದ್ಯುದಂಶ ಒಂದೇ ಇದ್ದರೂ ದಪ್ಪನೆಯ ಅಣು ಹಿಂದೆ ಬೀಳುತ್ತೆ, ಸಣ್ಣದು ನುಸುಳಿ ಮುಂದೆ ಹೋಗುತ್ತೆ. ಅಷ್ಟೇ ಅಲ್ಲ, ಒಬ್ಬರ ಪಟ್ಟೆಯ ಹಾಗೆ ಇನ್ನೊಬ್ಬರದ್ದು ಇರಲಿಲ್ಲ. ಗಂಡಸರು ಹೆಂಗಸರ ನಡುವಿನ ವ್ಯತ್ಯಾಸ ಅಂತ ಮೊದಲು ಅಂದುಕೊಂಡನಂತೆ. ಇನ್ನಷ್ಟು ಜನರ ರಕ್ತ ನೋಡಿದ ಮೇಲೆ ಗೊತ್ತಾಯಿತು, ಅದು ಹ್ಯಾಪ್ಟೋಗ್ಲೋಬಿನ್ ಅನ್ನೋ ಪ್ರೋಟೀನು ತಂದೆತಾಯಿಯಿಂದ ಬೇರೆ ಬೇರೆ ರೂಪದಲ್ಲಿ ಬರುವುದರ ಗುರುತು. 1955ರಲ್ಲಿ ಇದೆಲ್ಲ ಅಚ್ಚಾಯಿತು. ಹುಡುಕಲು ಹೊರಟಿದ್ದ ಇನ್ಸುಲಿನ್ನಿನ ಪೂರ್ವರೂಪ ಮಾತ್ರ ಅವನಿಗೆ ಸಿಗಲೇ ಇಲ್ಲ, 1967ರಲ್ಲಿ ಸ್ಟೈನರ್ ಅನ್ನುವವರಿಗೆ ಸಿಕ್ಕಿತು. 2007ರಲ್ಲಿ ಸ್ಮಿಥೀಸ್‌ಗೆ ನೊಬೆಲ್ ಬಂತು, ಇಲಿಗಳ ಜೀನು ತಿದ್ದುವ ಬೇರೆಯದೇ ಕೆಲಸಕ್ಕೆ. ನನ್ನನ್ನು ಕೇಳಿದರೆ ಗಂಜಿಗೂ ಒಂದು ಕೊಡಬಹುದಿತ್ತು.

ಈಗ ಅಪ್ಪ.

ಅಪ್ಪನಿಗೆ 67. ಎರಡು ಎಕರೆ ತೆಂಗಿನ ತೋಟ, ಮೂರು ಹಸು. ಕಳೆದ ವರ್ಷ ನಡುನೋವು ಅಂತ ಶುರುವಾಗಿ, ಎಣ್ಣೆ ತೀಡಿದ್ದಾಯ್ತು, ಬಿಸಿ ಇಟ್ಟಿದ್ದಾಯ್ತು, ಕಡಿಮೆಯಾಗಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಬಂದೆ. ಡಾಕ್ಟರು ಸಣ್ಣ ವಯಸ್ಸಿನವರು, ನಿಧಾನಸ್ಥರು. ಎಕ್ಸ್‌ರೇ ನೋಡಿ ಮೂಳೆ ಸವೆದಿದೆ, ವಯಸ್ಸಿಗೆ ಸಹಜ ಅಂದರು. ಆದರೂ ಈ ವಯಸ್ಸಿನಲ್ಲಿ ಬಿಡದ ನಡುನೋವು ಅಂದರೆ ಒಂದು ಟೆಸ್ಟು ಮಾಡಿಸಿಬಿಡೋಣ ಅಂತ ಸೀರಮ್ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಬರೆದುಕೊಟ್ಟರು.

ರಿಪೋರ್ಟು ಮೊಬೈಲಿಗೆ ಬಂತು. ಗುಡ್ಡದ ಸಾಲಿನ ಚಿತ್ರ. ಎಡಕ್ಕೆ ಆಲ್ಬುಮಿನ್ನಿನ ಚೂಪು ಶಿಖರ, ಆಮೇಲೆ ಮೂರು ತಗ್ಗು ದಿಬ್ಬ, ಬಲಕ್ಕೆ ಗ್ಯಾಮಾದ ಅಗಲವಾದ ದಿನ್ನೆ. ಆ ದಿನ್ನೆಯ ಇಳಿಜಾರಿನಲ್ಲಿ ಹುತ್ತದಷ್ಟು ಒಂದು ಮುಳ್ಳು. ಪಕ್ಕದಲ್ಲಿ: ಎಂ ಬ್ಯಾಂಡ್, 0.6 ಗ್ರಾಂ.

ನಮ್ಮ ಮೈಯಲ್ಲಿ ಆಂಟಿಬಾಡಿಗಳು ಸಾವಿರಾರು ಬಗೆ. ಎಲ್ಲದರ ಓಟ ಅಷ್ಟಷ್ಟು ಬೇರೆ, ಅದಕ್ಕೇ ಗ್ಯಾಮಾ ಅಗಲವಾದ ದಿನ್ನೆ. ಆದರೆ ಆಂಟಿಬಾಡಿ ಮಾಡುವ ಒಂದೇ ಒಂದು ಜೀವಕೋಶ ತನ್ನ ವಂಶವನ್ನು ಬೆಳೆಸಿಕೊಂಡು, ಅವೆಲ್ಲ ಒಂದೇ ಅಚ್ಚಿನ ಆಂಟಿಬಾಡಿ ಸುರಿಯೋಕೆ ಶುರು ಮಾಡಿದರೆ ಅದು ಒಂದೇ ಜಾಗದಲ್ಲಿ ರಾಶಿ ಬೀಳುತ್ತೆ. ಮುಳ್ಳು ಅಂದರೆ ಅದು. ಮುಳ್ಳು ದೊಡ್ಡದಿದ್ದು, ಮೂಳೆ, ಕಿಡ್ನಿ, ರಕ್ತ ಕೆಟ್ಟಿದ್ದರೆ ಮಲ್ಟಿಪಲ್ ಮೈಲೋಮಾ, ಅಸ್ಥಿಮಜ್ಜೆಯ ಕ್ಯಾನ್ಸರು. ಆ ರಾತ್ರಿ ನಾನು ಎಷ್ಟು ಟ್ಯಾಬ್ ತೆರೆದಿದ್ದೆ ಅಂತ ಹೇಳೋಲ್ಲ.

ಮುಂದಿನ ವಾರ ಇನ್ನೊಂದು ಟೆಸ್ಟು ಬಂತು, ಆ ಮುಳ್ಳು ಯಾವ ಜಾತಿಯದು ಅಂತ ಹೇಳೋದು. ಡಾಕ್ಟರು ಓದಿದರು, ‘ಐಜಿಜಿ, ಕಪ್ಪಾ’. ಪಕ್ಕದಲ್ಲಿ ಕೂತಿದ್ದ ಅಪ್ಪ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ, ‘ಕಪ್ಪನಾ? ಯಾರಿಗ್ಲಾ ಕಟ್ಬೇಕು ಕಪ್ಪ?’ ಡಾಕ್ಟರು ನಕ್ಕರು. ನಾನೂ ನಕ್ಕೆ. ಆ ವಾರದಲ್ಲಿ ಮೊದಲ ಸಲ.

ಕ್ಯಾಲ್ಸಿಯಂ ಸರಿ, ಕಿಡ್ನಿ ಸರಿ, ಹಿಮೋಗ್ಲೋಬಿನ್ ಸರಿ. ‘ಇದು ಈಗ ಕ್ಯಾನ್ಸರ್ ಅಲ್ಲ. ಔಷಧಿ ಬೇಡ. ಆರು ತಿಂಗಳಿಗೊಮ್ಮೆ ನೋಡೋಣ’ ಅಂದರು. ಈ ಸ್ಥಿತಿಗೆ ಎಂಜಿಯುಎಸ್ ಅಂತ ಹೆಸರು. ಅದರ ಕೊನೆಯ ಎರಡಕ್ಷರದ ಅರ್ಥ ‘ಮಹತ್ವ ಗೊತ್ತಿಲ್ಲದ್ದು’ ಅಂತ. ವೈದ್ಯಶಾಸ್ತ್ರದಲ್ಲಿ ಇಷ್ಟು ಪ್ರಾಮಾಣಿಕವಾದ ಹೆಸರು ನಾನು ಬೇರೆ ಕಂಡಿಲ್ಲ.

ಹೆಸರಿಟ್ಟವರು ಅಮೆರಿಕದ ಮಿನ್ನೆಸೋಟಾದ ಮೇಯೋ ಕ್ಲಿನಿಕ್ಕಿನ ರಾಬರ್ಟ್ ಕೈಲ್. ಯುವ ವೈದ್ಯರಾಗಿದ್ದಾಗ ಅವರು ಕೂತದ್ದು ಇದೇ ಕಾಗದದ ಪಟ್ಟಿಗಳ ರಾಶಿಯ ಮುಂದೆ. ಗುಡ್ಡದ ಎತ್ತರ ಎಷ್ಟು, ಅಗಲ ಎಷ್ಟು ಅಂತ ನೋಡಿ, 1960ರಲ್ಲಿ ತಮ್ಮ ಸಹೋದ್ಯೋಗಿಗಳ ಜೊತೆ ಒಂದು ಲೇಖನ ಬರೆದರು: 165 ಜನ ಮೈಲೋಮಾ ರೋಗಿಗಳು, ಮತ್ತೆ ಪಟ್ಟಿಯಲ್ಲಿ ಅವರ ಹಾಗೇ ಕಂಡ ಬೇರೆ 71 ಜನ. ಕಾಗದದ ಮೇಲೆ ಒಂದೇ ತರಹದ ಮುಳ್ಳು ಇದ್ದ ಮಾತ್ರಕ್ಕೆ ಎಲ್ಲರ ಹಣೆಬರಹ ಒಂದೇ ಅಲ್ಲ ಅನ್ನೋದನ್ನು ಅವರು ಬಿಡದೆ ಬೆನ್ನು ಹತ್ತಿದರು. 1978ರಲ್ಲಿ ಇಂಥ 241 ಜನರ ವರ್ಷಗಟ್ಟಲೆಯ ಲೆಕ್ಕ ಕೊಟ್ಟು ಈ ಹೆಸರಿಟ್ಟರು. ಆಮೇಲಿನ ಇನ್ನೂ ದೊಡ್ಡ ಲೆಕ್ಕದಲ್ಲಿ ಗೊತ್ತಾದದ್ದು, ಇಂಥವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಒಬ್ಬರು ಮೈಲೋಮಾ ಅಥವಾ ಅದರ ಬಳಗದ ಕಾಯಿಲೆಗೆ ಹೋಗುತ್ತಾರೆ. ಅಲ್ಲಿನ ಒಂದು ಜಿಲ್ಲೆಯಲ್ಲಿ 50 ದಾಟಿದವರನ್ನು ಪರೀಕ್ಷಿಸಿದಾಗ ನೂರಕ್ಕೆ ಮೂವರಲ್ಲಿ ಈ ಮುಳ್ಳು ಇತ್ತು. ಅವರಲ್ಲಿ ಹೆಚ್ಚಿನವರಿಗೆ ಅದು ಇದ್ದದ್ದೇ ಗೊತ್ತಿರಲಿಲ್ಲ.

ನನಗೆ ಕಾಡಿದ ಪ್ರಶ್ನೆ ಬೇರೆ. ಅಪ್ಪನ ರಕ್ತವನ್ನು 1952ರಲ್ಲಿ, ಕಾಗದದ ಮೇಲೆ ಓಡಿಸಿದ್ದರೆ? ದೊಡ್ಡ ಮುಳ್ಳು ಕಾಗದದಲ್ಲೂ ಕಾಣುತ್ತಿತ್ತು. 0.6 ಗ್ರಾಮಿನದು ಶಾಯಿ ಹರಡಿದ ಹಾಗೆ ಗ್ಯಾಮಾದೊಳಗೆ ಹರಡಿ ಕಳೆದುಹೋಗುವ ಸಾಧ್ಯತೆಯೇ ಹೆಚ್ಚು. 1957ರಲ್ಲಿ ಕೋನ್ ಅನ್ನುವವರು ಕಾಗದದ ಬದಲು ಸೆಲ್ಯುಲೋಸ್ ಅಸಿಟೇಟ್ ಹಾಳೆ ತಂದರು, ಬಾಲ ಹೆಚ್ಚುಕಡಿಮೆ ಇಲ್ಲವಾಯ್ತು, ರಾತ್ರಿಯಿಡೀ ಆಗುತ್ತಿದ್ದದ್ದು ಒಂದೆರಡು ಗಂಟೆಗೆ ಇಳಿಯಿತು. ಆಮೇಲೆ ಅಗರೋಸ್ ಜೆಲ್ಲು, ಈಗ ಕೂದಲಿನಂಥ ಕೊಳವೆಯೊಳಗೆ ನಿಮಿಷಗಳಲ್ಲಿ ಓಡಿಸುವ ಯಂತ್ರ. ಪ್ರತಿ ಮೆಟ್ಟಿಲಲ್ಲೂ ಮುಳ್ಳು ಇನ್ನಷ್ಟು ಚೂಪಾಗಿ ಕಂಡಿತು. ಇಷ್ಟು ಸಣ್ಣದು ಕಾಣದೇ ಹೋಗಿದ್ದರೆ ಅಪ್ಪ ನೆಮ್ಮದಿಯಾಗಿರುತ್ತಿದ್ದ, ನಾನೂ. ಹಾಗಂತ ಕಾಣೋದೇ ಬೇಡ ಅನ್ನೋಕೂ ನನಗೆ ಬಾಯಿ ಬರೋಲ್ಲ. ನೂರರಲ್ಲಿ ಆ ಒಬ್ಬರು ಯಾರು ಅಂತ ಮೊದಲೇ ಗೊತ್ತಾಗೋದು ಹೀಗೆ ನೋಡುತ್ತಾ ಇದ್ದರೆ ಮಾತ್ರ.

ಆರು ತಿಂಗಳ ನಂತರ ಮತ್ತೆ ಮಾಡಿಸಿದೆವು. 0.7.

ನಾನು ರಿಪೋರ್ಟು ಹಿಡಿದುಕೊಂಡು ಲಿಫ್ಟಿನ ಪಕ್ಕ ನಿಂತೆ. ಒಂದು ಪಾಯಿಂಟು. ಅದು ಅಪ್ಪನ ರಕ್ತದಲ್ಲಿ ಹೆಚ್ಚಿದ್ದೋ, ಯಂತ್ರದ ಅಳತೆಯಲ್ಲಿ ಹೆಚ್ಚಿದ್ದೋ? ಗ್ಯಾಮಾದ ದಿನ್ನೆಯ ಮೇಲೆ ಮುಳ್ಳು ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಗೆರೆ ಹಾಕೋದು ಲ್ಯಾಬಿನಲ್ಲಿ ಕೂತ ಒಬ್ಬ ಮನುಷ್ಯ. ಕೈ ಒಂದು ಕೂದಲೆಳೆ ಆಚೀಚೆಯಾದರೂ 0.6 ಹೋಗಿ 0.7 ಆಗುತ್ತೆ. ಡಾಕ್ಟರಿಗೂ ಅದನ್ನೇ ಕೇಳಿದೆ. ‘ನೀವು ಎಂಜಿನಿಯರ್ ತಾನೇ, ನಿಮಗೇ ಗೊತ್ತಲ್ಲ’ ಅಂದರು. ‘ಇಷ್ಟಕ್ಕೆ ನಾನು ಏನೂ ಹೇಳಲ್ಲ. ಒಂದು ಮಾಡಿ, ಪ್ರತಿ ಸಲ ಇದೇ ಲ್ಯಾಬಲ್ಲಿ ಮಾಡಿಸಿ. ಬೇರೆ ಕಡೆ ವಿಧಾನ ಬೇರೆ ಇರುತ್ತೆ, ನಂಬರ್ ಹೋಲಿಸೋಕೆ ಆಗಲ್ಲ.’

ಹಾಗಾಗಿ ಊರಿನ ಹತ್ತಿರವೇ ಅರ್ಧ ದುಡ್ಡಿಗೆ ಮಾಡುವ ಲ್ಯಾಬು ಇದ್ದರೂ ಅಪ್ಪ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಬೆಂಗಳೂರಿಗೆ ಬರುತ್ತಾನೆ, ಜೊತೆಗೆ ಚೀಲದಲ್ಲಿ ಹತ್ತು ತೆಂಗಿನಕಾಯಿ. ಮೂರನೇ ಟೆಸ್ಟು ಮುಂದಿನ ತಿಂಗಳು. ಮೊನ್ನೆ ಫೋನಿನಲ್ಲಿ ಕೊಬ್ಬರಿ ರೇಟು, ಬೋರ್‌ವೆಲ್ಲು, ಪಕ್ಕದ ತೋಟದವರ ಜಗಳ ಎಲ್ಲ ಮುಗಿದ ಮೇಲೆ ಅವನೇ ಕೇಳಿದ, ‘ಸೋಮವಾರ ಬರ್ಲಾ, ಮಂಗಳವಾರ ಬರ್ಲಾ? ಗುಡ್ಡ ಎಷ್ಟೆತ್ರ ಆಗೈತೋ ನೋಡ್ಕಂಡ್ ಬರಾಣ.’ ಮಂಗಳವಾರ ಬಾ ಅಪ್ಪ, ಸೋಮವಾರ ನನಗೆ ರಿಲೀಸ್ ಇದೆ ಅಂದೆ.